ಅಂಡಮಾನ್‌ನಲ್ಲಿ ದುಡ್ಡು ಕೊಡದೆ ಏನೇನು ನೋಡಬಹುದು? ಹಾಸನ, ಚಿಕ್ಕಮಗಳೂರಿನಿಂದ ಹೋಗಿ ಬಂದವರ ಅನುಭವ

ಹಾಸನದ ಗೃಹಿಣಿ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಬೇಸಿಗೆ ರಜೆ, ಏಪ್ರಿಲ್ ಕೊನೆಯ ವಾರ ಅಂಡಮಾನ್‌ಗೆ ಹೊರಟಿದ್ದೇವೆ. ನಾನು, ನಮ್ಮೆಜಮಾನರು, ಇಬ್ಬರು ಮಕ್ಕಳು, ಜೊತೆಗೆ ನಮ್ಮತ್ತೆ. ಅತ್ತೆಗೆ ಮಂಡಿನೋವು, ಜಾಸ್ತಿ ಮೆಟ್ಟಿಲು ಹತ್ತಿಳಿಯುವುದಕ್ಕೆ ಆಗುವುದಿಲ್ಲ. ಬೆಂಗಳೂರಿನಿಂದ ವಿಮಾನದ ಟಿಕೆಟ್ ಆಗಿದೆ, ರೂಮೂ ಆಗಿದೆ. ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್ ದ್ವೀಪ, ನೀಲ್ ದ್ವೀಪ ಮೂರೂ ಕಡೆ ಉಳಿಯುತ್ತೇವೆ. ಟ್ರಾವೆಲ್ಸ್‌ನವರು ಸ್ಕೂಬಾ, ಸೀ ವಾಕ್ (ಹೆಲ್ಮೆಟ್ ಹಾಕಿ ಸಮುದ್ರದ ತಳದಲ್ಲಿ ನಡೆಯುವುದು), ಗಾಜಿನ ತಳದ ದೋಣಿ ಅಂತ ಉದ್ದದ ಪಟ್ಟಿ ಕೊಟ್ಟಿದ್ದಾರೆ. ಐದು ಜನರ ಲೆಕ್ಕ ಹಾಕಿದರೆ ಕೈಗೆಟುಕುವ ಹಾಗಿಲ್ಲ. ಅಷ್ಟು ದೂರ ಹೋಗಿ, ದುಡ್ಡಿಲ್ಲ ಅಂತ ಮಕ್ಕಳನ್ನು ರೂಮಲ್ಲಿ ಕೂರಿಸುವುದಕ್ಕೂ ಮನಸ್ಸಿಲ್ಲ. ಸುಮ್ನೆ ನಡೆದು, ಕೂತು, ನೀರಿಗಿಳಿದು ನೋಡುವಂಥದ್ದು ಏನಿದೆ? ಹೋಗಿ ಬಂದವರು ದಯವಿಟ್ಟು ಹೇಳಿ.

ಚಿಕ್ಕಮಗಳೂರಿನ ನಿವೃತ್ತ ಬ್ಯಾಂಕ್ ನೌಕರರು

ಮೇಡಂ, ಅಲ್ಲಿ ಪರ್ಸಿಗಿಂತ ಗಡಿಯಾರ ಮುಖ್ಯ. ಅಂಡಮಾನ್ ನಮ್ಮಿಂದ ಬಹಳ ಪೂರ್ವಕ್ಕಿದೆ, ಆದರೆ ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಹಾಸನಕ್ಕಿಂತ ಒಂದು ಗಂಟೆಗೂ ಮೊದಲೇ ಬೆಳಗಾಗುತ್ತದೆ, ಮೊದಲೇ ಕತ್ತಲಾಗುತ್ತದೆ. ಏಪ್ರಿಲ್ ಕೊನೆಯಲ್ಲಿ ಬೆಳಿಗ್ಗೆ 5 ಗಂಟೆಗೆಲ್ಲಾ ಸೂರ್ಯ ಹುಟ್ಟುತ್ತಾನೆ, ಸಂಜೆ 5.30ರ ಸುಮಾರಿಗೆ ಮುಳುಗುತ್ತಾನೆ. ಊರಿನ ಅಭ್ಯಾಸದಲ್ಲಿ ಏಳಕ್ಕೆ ಎದ್ದು, ತಿಂಡಿ ತಿಂದು ಒಂಬತ್ತಕ್ಕೆ ಹೊರಟರೆ ಮರಳು ಕಾಲು ಸುಡುತ್ತಿರುತ್ತದೆ. ಸಂಜೆ ಕಾಫಿ ಮುಗಿಸಿ ಆರಕ್ಕೆ ಬೀಚಿಗೆ ಹೋದರೆ ಕತ್ತಲು. ಆಮೇಲೆ, 'ಏನೂ ನೋಡಲಾಗಲಿಲ್ಲ, ಅದಕ್ಕೇ ಆ ಸೀ ವಾಕ್ ತಗೊಂಡ್ವಿ' ಅನ್ನುತ್ತಾರೆ.

ನಾಲ್ಕೂವರೆಗೆ ಏಳಿ. ಎಂಟೂವರೆವರೆಗೆ ಹೊರಗಿರಿ. ಮಧ್ಯಾಹ್ನ ಊಟ, ನಿದ್ದೆ. ಮೂರೂವರೆಗೆ ಮತ್ತೆ ಹೊರಡಿ. ಹ್ಯಾವ್‌ಲಾಕ್‌ನಲ್ಲಿ ಬೆಳಿಗ್ಗೆಗೆ ಕಾಲಾಪತ್ಥರ್ ಬೀಚು, ಸಂಜೆಗೆ ರಾಧಾನಗರ ಬೀಚು. ಕಾಲಾಪತ್ಥರ್ ಪೂರ್ವದ ದಂಡೆ, ಕಪ್ಪು ಬಂಡೆಗಳಿವೆ, ರಸ್ತೆ ಸಮುದ್ರದ ಪಕ್ಕದಲ್ಲೇ ಹೋಗುತ್ತದೆ. ನಿಮ್ಮತ್ತೆ ಗಾಡಿಯಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಸಾಕು. ಇನ್ನೊಂದು, ಹೊಸ ಬೋರ್ಡುಗಳಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ, ಹ್ಯಾವ್‌ಲಾಕ್ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ ಅಂತಿರುತ್ತದೆ. ಹಡಗಿನ ಟಿಕೆಟ್ ನೋಡಿ ಗಾಬರಿಯಾಗಬೇಡಿ.

ಸಕಲೇಶಪುರದ ಕಾಫಿ ಬೆಳೆಗಾರರು

ಮೇಲಿನವರು ಹೇಳಿದ್ದು ಸರಿ. ಅದಕ್ಕೆ ಇನ್ನೊಂದು ಗಡಿಯಾರ ಸೇರಿಸಿಕೊಳ್ಳಿ ಅಕ್ಕ, ಸಮುದ್ರದ ಇಳಿತ. ಹೇಮಾವತಿಯಲ್ಲಿ ಮುಳುಗುವ ಶೆಟ್ಟಿಹಳ್ಳಿ ಚರ್ಚು ನೋಡಲು ಹೊರಟವರು ಹಿನ್ನೀರು ಎಷ್ಟಿದೆ ಅಂತ ಮೊದಲು ವಿಚಾರಿಸುತ್ತಾರಲ್ಲ, ನೀಲ್‌ನಲ್ಲೂ ಹಾಗೇ. ಚರ್ಚಿನದ್ದು ವರ್ಷಕ್ಕೊಮ್ಮೆಯ ಮಾತು, ಅಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಅದೂ ಪ್ರತಿದಿನ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರವಿದ್ದರೆ ನೀರು ಇನ್ನೂ ದೂರ ಹಿಂದೆ ಸರಿಯುತ್ತದೆ. ಮನೆಯ ಕ್ಯಾಲೆಂಡರ್ ಒಮ್ಮೆ ನೋಡಿ. ಅಲ್ಲಿ ಇಳಿದ ದಿನವೇ ರೂಮಿನವರ ಹತ್ತಿರ 'ನಾಳೆ ಲೋ ಟೈಡ್ ಎಷ್ಟು ಹೊತ್ತಿಗೆ?' ಅಂತ ಕೇಳಿ, ಫೋನಿನಲ್ಲೂ ಸಿಗುತ್ತದೆ.

ಇಷ್ಟು ಯಾಕೆ ಹೇಳುತ್ತಿದ್ದೇನೆ ಅಂದರೆ, ಲಕ್ಷ್ಮಣಪುರದ ಹತ್ತಿರ ಒಂದು ನೈಸರ್ಗಿಕ ಕಲ್ಲಿನ ಸೇತುವೆ ಇದೆ. ಅಲೆ ಕೊರೆದು ಕೊರೆದು ಕಮಾನಿನ ಹಾಗೆ ನಿಂತಿದೆ. ನೀರು ತುಂಬಿದಾಗ ಹೋದರೆ ದೂರದಿಂದ ಒಂದು ಫೋಟೊ, ಅಷ್ಟೇ. ನೀರು ಇಳಿದಾಗ ಹೋದರೆ ಬುಡದವರೆಗೆ ನಡೆಯಬಹುದು. ಸೇತುವೆಗಿಂತ ದಾರಿಯೇ ಚೆನ್ನ ಅಂತ ನನ್ನ ಅಭಿಪ್ರಾಯ. ಹವಳದ ಬಂಡೆಗಳ ನಡುವೆ ತಟ್ಟೆಯಗಲದ, ಬಾನಿಯಗಲದ ಗುಂಡಿಗಳಲ್ಲಿ ಸಮುದ್ರದ ನೀರು ನಿಂತಿರುತ್ತದೆ. ಒಂದರ ಮುಂದೆ ಕುಕ್ಕರುಗಾಲಲ್ಲಿ ಕೂತು ಸ್ವಲ್ಪ ಹೊತ್ತು ಅಲ್ಲಾಡದೆ ಇರಿ. ಮೊದಲು ಬರೀ ಕಲ್ಲು ಕಾಣುತ್ತದೆ. ಆಮೇಲೆ ಬೆರಳುದ್ದದ ಪಟ್ಟೆಪಟ್ಟೆ ಮೀನು ಸಂದಿಯಿಂದ ಹೊರಗೆ ಬರುತ್ತದೆ. ಏಡಿಯೊಂದು ಕಣ್ಣು ಮಾತ್ರ ಹೊರಗಿಟ್ಟು ನೋಡುತ್ತಿರುತ್ತದೆ. ಕಪ್ಪಗೆ ದಪ್ಪಗೆ ಬಿದ್ದಿರುವುದು ಕಲ್ಲಲ್ಲ, ಸಮುದ್ರ ಸೌತೆ ಅನ್ನುವ ಜೀವಿ. ನನ್ನ ಮಗ ಅಲ್ಲಿಂದ ಏಳಲೇ ಇಲ್ಲ. ಗೈಡ್‌ಗಳು ಕರೆಯುತ್ತಾರೆ, ಬೇಕಾದರೆ ಮಾತ್ರ ತಗೊಳ್ಳಿ.

ಚಪ್ಪಲಿ ಹಾಕಿಕೊಂಡು ಹೋಗಬೇಡಿ, ಬೆಲ್ಟ್ ಇರುವ ರಬ್ಬರ್ ಸ್ಯಾಂಡಲ್ ಬೇಕು. ಪಾಚಿ ಜಾರುತ್ತದೆ, ಹವಳ ಕೊಯ್ಯುತ್ತದೆ. ಜೀವಂತ ಹವಳದ ಮೇಲೆ ಕಾಲಿಡಬೇಡಿ, ಬರೀ ಬಂಡೆ, ಮರಳು ನೋಡಿ ಹೆಜ್ಜೆ ಇಡಿ. ನಿಮ್ಮತ್ತೆಗೆ ಇದು ಬೇಡ, ಖಂಡಿತ ಬೇಡ. ಅವರನ್ನು ಭರತ್‌ಪುರ ಬೀಚಿನಲ್ಲಿ ಕೂರಿಸಿ. ಜೆಟ್ಟಿ ಪಕ್ಕದಲ್ಲೇ ಇದೆ. ಹವಳದ ದಿಬ್ಬ ದೂರದಲ್ಲೇ ಅಲೆ ತಡೆಯುವುದರಿಂದ ದಂಡೆಯಲ್ಲಿ ನೀರು ಅಲ್ಲಾಡುವುದೇ ಕಡಿಮೆ. ಮೊಣಕಾಲುದ್ದ ನೀರಿನಲ್ಲಿ ಕಾಲು ಇಳಿಬಿಟ್ಟು ಕೂರಬಹುದು.

ಆ ನೀರು ಯಾಕೆ ನೀಲಿ-ಹಸಿರು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ನಮ್ಮ ಕರಾವಳಿಯಲ್ಲಿ ನೇತ್ರಾವತಿ, ಶರಾವತಿ ಘಟ್ಟದ ಮಣ್ಣು ತಂದು ಸುರಿಯುತ್ತವೆ. ನೀಲ್‌ನಂಥ ಸಣ್ಣ ದ್ವೀಪದಲ್ಲಿ ಹೊಳೆ ಎಲ್ಲಿಂದ ಬರಬೇಕು? ನೀರು ತಿಳಿ. ಕೆಳಗಿನ ಮರಳು ಹವಳ, ಚಿಪ್ಪು ಪುಡಿಯಾಗಿ ಆದದ್ದು, ಅದಕ್ಕೇ ಬಿಳಿ. ಬಿಸಿಲಿನಲ್ಲಿರುವ ಕೆಂಪನ್ನು ನೀರು ಹೀರಿಕೊಳ್ಳುತ್ತದೆ, ಉಳಿದ ನೀಲಿ-ಹಸಿರು ಬಿಳಿ ಮರಳಿಗೆ ತಾಗಿ ಮೇಲೆ ಬರುತ್ತದೆ.

ಬೆಳಿಗ್ಗೆಗೆ ಸೀತಾಪುರ, ಜೆಟ್ಟಿಯಿಂದ ಸುಮಾರು 5 ಕಿ.ಮೀ. ಸಂಜೆಗೆ ಲಕ್ಷ್ಮಣಪುರ ಒಂದನೇ ಬೀಚು. ಇಡೀ ದ್ವೀಪ ಸೈಕಲ್ಲಿನಲ್ಲಿ ಸುತ್ತಬಹುದು, ಅದಕ್ಕೆ ಬಾಡಿಗೆ ಕೊಡಬೇಕು ಅಷ್ಟೆ. ದಾರಿಯುದ್ದಕ್ಕೂ ಅಡಿಕೆ, ಬಾಳೆ, ತರಕಾರಿ ಹೊಲ. ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಮನೆಗಳು. ಬೆಳೆಗಾರನಾದ ನನಗೆ ಆ ರಸ್ತೆಯೂ ಬೀಚಿನಷ್ಟೇ ಇಷ್ಟವಾಯಿತು.

ಅರಸೀಕೆರೆಯ ಮೇಷ್ಟ್ರು

ಹಡಗಿನ ಟಿಕೆಟ್ ಆಗಿದೆಯಾ? ಆಗಿಲ್ಲ ಅಂದರೆ ಒಂದು ಕಡೆಗಾದರೂ ಸರ್ಕಾರಿ ಹಡಗಿನಲ್ಲಿ ಹೋಗಿ. ಖಾಸಗಿ ಹಡಗು ಬೇಗ ಹೋಗುತ್ತದೆ, ಆದರೆ ಸಾಮಾನ್ಯವಾಗಿ ಎ.ಸಿ. ಹಾಕಿ ಗಾಜು ಮುಚ್ಚಿರುತ್ತಾರೆ. ಸರ್ಕಾರಿ ಹಡಗಿನಲ್ಲಿ ಡೆಕ್ ಮೇಲೆ ನಿಲ್ಲಬಹುದು. ಹಾರುವ ಮೀನು ಕಂಡರೆ ನಿಮ್ಮ ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ. ಹಡಗಿನ ಮುಂಭಾಗದ ನೀರು ನೋಡುತ್ತಿರಿ, ಗುಬ್ಬಿ ಗಾತ್ರದವು ಚಿಮ್ಮಿ, ನೀರಿನ ಮೇಲೇ ಸರ್ರನೆ ಜಾರಿ ಮತ್ತೆ ಮುಳುಗುತ್ತವೆ. ಟಿಕೆಟ್ ಬೇಗ ಖಾಲಿಯಾಗುತ್ತದೆ, ಈಗಲೇ ವಿಚಾರಿಸಿ. ವಾಂತಿ ಮಾತ್ರೆ ಇಟ್ಟುಕೊಳ್ಳಿ.

ಹಾಸನದ ಗೃಹಿಣಿ

ತುಂಬಾ ಉಪಕಾರ ಆಯ್ತು. ನೀಲ್‌ಗೆ ಹೋಗುವ ಟಿಕೆಟ್ ಇನ್ನೂ ಬಾಕಿ ಇದೆ, ಸರ್ಕಾರಿ ಹಡಗನ್ನೇ ನೋಡುತ್ತೇವೆ. ಪೋರ್ಟ್ ಬ್ಲೇರ್‌ನಲ್ಲಿ ಏನು ಮಾಡುವುದು? ಎಲ್ಲರೂ ಜೈಲು ಬಿಟ್ಟರೆ ಅಲ್ಲೇನಿಲ್ಲ ಅನ್ನುತ್ತಾರೆ.

ಮೂಡಿಗೆರೆಯಿಂದ ಒಬ್ಬರು

ಹಾಗೆ ಅನ್ನುವವರು ಚಿಡಿಯಾ ಟಾಪು ನೋಡಿಲ್ಲ. ಊರಿಂದ ದಕ್ಷಿಣಕ್ಕೆ ಸುಮಾರು 25 ಕಿ.ಮೀ., ಸರ್ಕಾರಿ ಬಸ್ಸಿದೆ. ಸಂಜೆ ದಂಡೆಯಲ್ಲಿ ಕೂತರೆ ಎದುರಿನ ದ್ವೀಪಗಳ ಮೇಲೆ ಬಣ್ಣ ಇಳಿಯುವುದು ಕಾಣುತ್ತದೆ. ಅಲ್ಲಿಂದ ಮುಂಡಾ ಪಹಾಡ್ ಅಂತ ಕಾಡಿನೊಳಗೆ ಕಾಲುದಾರಿ ಇದೆ, ತುದಿಯಲ್ಲಿ ಕಡಿದಾದ ಬಂಡೆ, ಕೆಳಗೆ ಸಮುದ್ರ. ಮುಳ್ಳಯ್ಯನಗಿರಿ ಹತ್ತಿದ ಮಕ್ಕಳಿಗೆ ಸಲೀಸು. ಆದರೆ ಮಧ್ಯಾಹ್ನ ಮೂರಕ್ಕೇ ಹತ್ತಲು ಶುರು ಮಾಡಿ, ಐದಕ್ಕೆ ಕೆಳಗಿರಿ. ಕಾಡಿನೊಳಗೆ ಇನ್ನೂ ಬೇಗ ಕತ್ತಲಾಗುತ್ತದೆ. ತುದಿಯಲ್ಲಿ ಬೇಲಿ ನಂಬಿಕೊಂಡು ಸೆಲ್ಫಿಗೆ ಹೋಗಬೇಡಿ.

ಸಮಯವಿದ್ದರೆ ವಂಡೂರು ಬೀಚಿನ ಕಡೆಗೂ ಬಸ್ಸು ಹಿಡಿಯಿರಿ. ದಾರಿಯಲ್ಲಿ ಸಿಪ್ಪಿಘಾಟ್ ಬಳಿ ಕಿಟಕಿಯಿಂದ ನೋಡಿ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಈ ಭಾಗದ ನೆಲ ಸುಮಾರು ಒಂದು ಮೀಟರ್ ಕುಸಿಯಿತು. ಗದ್ದೆಗಳಿದ್ದ ಜಾಗಕ್ಕೆ ಸಮುದ್ರ ಬಂದು ನಿಂತಿತು, ವಾಪಸ್ ಹೋಗಲೇ ಇಲ್ಲ. ಒಬ್ಬ ರೈತನ ಜಮೀನು ಹಾಗೆ ಹೋಗುವುದು ಅಂದರೇನು ಅಂತ ಹೇಮಾವತಿ ಹಿನ್ನೀರಿನ ಊರಿನವರಿಗೆ ಬೇರೆ ಹೇಳಬೇಕಿಲ್ಲ. ಮಕ್ಕಳಿಗೆ ತೋರಿಸಿ.

ಮೊಸಳೆ ಬಗ್ಗೆ ಗಂಭೀರವಾಗಿ ಹೇಳುತ್ತೇನೆ. ಅಲ್ಲಿನದು ಉಪ್ಪುನೀರಿನ ಮೊಸಳೆ, ಸಮುದ್ರದಲ್ಲೂ ಈಜುತ್ತದೆ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲೇ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ವಂಡೂರಿನಲ್ಲಿ ಬಲೆ ಕಟ್ಟಿದ ಜಾಗ ಬಿಟ್ಟು ಬೇರೆಡೆ ನೀರಿಗಿಳಿಯಬೇಡಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿರುವ ಹಳ್ಳದ ಬಾಯಿ ಹತ್ತಿರ ಮಕ್ಕಳನ್ನು ಬಿಡಲೇಬೇಡಿ. ಬೋರ್ಡ್ ಇದ್ದ ಕಡೆ ಓದಿ, ಲೈಫ್‌ಗಾರ್ಡ್ ಸೀಟಿ ಹೊಡೆದರೆ ತಕ್ಷಣ ಮೇಲೆ ಬನ್ನಿ.

ಹಾಸನದಿಂದಲೇ ಇನ್ನೊಬ್ಬರು

ಅತ್ತೆಯವರ ಜೊತೆಗೆ ಅಂದರೆ ಊರೊಳಗಿನ ಮರೀನಾ ಪಾರ್ಕ್ ಒಳ್ಳೆಯದು. ಸಮುದ್ರದ ಪಕ್ಕ ಮಟ್ಟಸವಾದ ಕಾಲುದಾರಿ. ಹತ್ತಿರದಲ್ಲೇ ಫ್ಲ್ಯಾಗ್ ಪಾಯಿಂಟ್. 1943ರ ಡಿಸೆಂಬರ್ 30ರಂದು ನೇತಾಜಿ ಅಂಡಮಾನ್‌ನಲ್ಲಿ ಬಾವುಟ ಹಾರಿಸಿದ ನೆನಪಿಗೆ ಅಲ್ಲಿ ದೊಡ್ಡ ಧ್ವಜವಿದೆ. ಎದುರಿಗೆ ಕಾಣುವುದೇ ರಾಸ್ ದ್ವೀಪ. ಕಾರ್ಬಿನ್ಸ್ ಕೋವ್ ಬೀಚಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಜಪಾನೀಯರು ಕಟ್ಟಿದ ಕಾಂಕ್ರೀಟ್ ಬಂಕರ್‌ಗಳಿವೆ. 1942ರಿಂದ 45ರವರೆಗೆ ಈ ದ್ವೀಪಗಳು ಅವರ ಕೈಯಲ್ಲಿದ್ದವು.

ಸೆಲ್ಯುಲಾರ್ ಜೈಲಿಗೆ ಟಿಕೆಟ್ ಇದೆ. ಪುಕ್ಕಟೆ ಅಲ್ಲ ಅಂತ ಅದನ್ನು ಮಾತ್ರ ಬಿಡಬೇಡಿ, ದುಬಾರಿಯೇನಲ್ಲ. 1906ರಲ್ಲಿ ಕಟ್ಟಿ ಮುಗಿಸಿದ್ದು, ಏಳು ಸಾಲುಗಳಿದ್ದವು, ಈಗ ಉಳಿದಿರುವುದು ಮೂರು. ಒಂದು ಸಾಲಿನ ಬಾಗಿಲುಗಳು ಇನ್ನೊಂದು ಸಾಲಿನ ಬೆನ್ನಿಗೆ ನೋಡುತ್ತವೆ, ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣಬಾರದು ಅಂತ. ನಿಮ್ಮತ್ತೆ ಕೆಳಗಿನ ಅಂಗಳದಲ್ಲೇ ಕೂತು ನೋಡಬಹುದು.

ಬೇಲೂರಿನ ಇಂಜಿನಿಯರಿಂಗ್ ವಿದ್ಯಾರ್ಥಿನಿ

ಆಂಟಿ, ನಿಮ್ಮ ದಿನ ಅಮಾವಾಸ್ಯೆ ಹತ್ತಿರ ಬಂದರೆ ಹ್ಯಾವ್‌ಲಾಕ್‌ನಲ್ಲಿ ರಾತ್ರಿ ರೂಮಿನ ಮುಂದಿನ ದಂಡೆಗೆ ಒಮ್ಮೆ ಹೋಗಿ. ಲೈಟು, ಮೊಬೈಲು ಎಲ್ಲಾ ಆರಿಸಿ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕಾಯಿರಿ. ನೀರಿಗಿಳಿಯುವುದು ಬೇಡ, ಅಲೆ ಈಗಷ್ಟೇ ಬಿಟ್ಟು ಹೋದ ಒದ್ದೆ ಮರಳನ್ನು ಕಾಲಿನಿಂದ ಉಜ್ಜಿ. ನೀಲಿ ಕಿಡಿ ಏಳುತ್ತದೆ! ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಅಲುಗಾಡಿಸಿದಾಗ ಹೊಳೆಯುತ್ತವೆ. ಪ್ರತಿ ರಾತ್ರಿ ಕಾಣುವ ಖಾತ್ರಿ ಇಲ್ಲ. ಇದನ್ನೇ ತೋರಿಸಲು ರಾತ್ರಿ ಕಯಾಕ್‌ನಲ್ಲಿ ಕರೆದೊಯ್ದು ದುಡ್ಡು ತಗೊಳ್ಳುತ್ತಾರೆ, ನಾವು ದಂಡೆಯಲ್ಲೇ ನೋಡಿದೆವು.

ಕಡೂರಿನಿಂದ

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಎಲ್ಲವೂ ಪುಕ್ಕಟೆ ಅಂತ ಹಟ ಬೇಡ. ಹವಳದ ತೋಟ ದಂಡೆಯಿಂದ ಕಾಣುವುದಿಲ್ಲ, ನೀರಿನೊಳಗೆ ಮುಖ ಇಟ್ಟರೇನೇ ಕಾಣುವುದು. ಮಕ್ಕಳಿಬ್ಬರಿಗೆ ಒಂದು ಸಲ ಸ್ನಾರ್ಕೆಲಿಂಗ್ ಮಾಡಿಸಿ. ಉಳಿದ ಪಟ್ಟಿ ಹರಿದು ಹಾಕಿ.

ಸಕಲೇಶಪುರದ ಕಾಫಿ ಬೆಳೆಗಾರರು

ಕಡೂರಿನವರ ಮಾತು ಒಪ್ಪಿದೆ. ಸ್ನಾರ್ಕೆಲಿಂಗ್ ಒಂದು ಸಾಕು, ಅದೂ ಮಕ್ಕಳಿಗೆ ಮಾತ್ರ.

ಒಂದು ಹೇಳುವುದು ಬಿಟ್ಟಿದ್ದೆ. ಚಿಪ್ಪು, ಹವಳದ ಚೂರು ಯಾವುದನ್ನೂ ಬ್ಯಾಗಿಗೆ ಹಾಕಬೇಡಿ. ಹವಳ ತೆಗೆಯುವುದು ಅಪರಾಧ, ವಿಮಾನ ನಿಲ್ದಾಣದಲ್ಲಿ ಬ್ಯಾಗು ತೆಗೆಸುತ್ತಾರೆ. ಕಾನೂನು ಹಾಗಿರಲಿ, ಸನ್ಯಾಸಿ ಏಡಿಗೆ ಸ್ವಂತ ಚಿಪ್ಪಿಲ್ಲ. ಬೆಳೆದಂತೆಲ್ಲಾ ದಂಡೆಯಲ್ಲಿ ಖಾಲಿ ಬಿದ್ದ ದೊಡ್ಡ ಚಿಪ್ಪು ಹುಡುಕಿ ಒಳಗೆ ಸೇರಿಕೊಳ್ಳುತ್ತದೆ. ನಾವು ಹೆಕ್ಕಿ ತಂದರೆ ಅದಕ್ಕೆ ಮನೆ ಇಲ್ಲ. ಮಕ್ಕಳಿಗೆ ಇಷ್ಟು ಹೇಳಿದರೆ ಅವರೇ ಮುಟ್ಟುವುದಿಲ್ಲ.

ಹಾಗೇ ನೀರು ಇಳಿದಾಗ ಮರಳಿನ ಮೇಲೆ ಸಾಸಿವೆ ಗಾತ್ರದಿಂದ ಕಾಳುಮೆಣಸಿನ ಗಾತ್ರದವರೆಗೆ ಸಾವಿರಾರು ಗುಂಡುಗಳು ಕಾಣುತ್ತವೆ, ಒಂದು ತೂತಿನ ಸುತ್ತ ಸಾಲು ಸಾಲಾಗಿ. ಪುಟ್ಟ ಏಡಿಯೊಂದು ಮರಳನ್ನು ಬಾಯಿಗಿಟ್ಟು, ತಿನ್ನುವುದನ್ನು ತಿಂದು, ಉಳಿದದ್ದನ್ನು ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ಹತ್ತಿರ ಹೋದರೆ ತೂತಿಗೆ ಇಳಿಯುತ್ತದೆ. ಅಲ್ಲಾಡದೆ ನಿಂತರೆ ಮತ್ತೆ ಬಂದು ಕೆಲಸ ಶುರು ಮಾಡುತ್ತದೆ.

ಹಾಸನದ ಗೃಹಿಣಿ

ಮಕ್ಕಳಿಗೆ ಓದಿ ಹೇಳಿದೆ, ಈಗಿನಿಂದಲೇ ಕುಣಿಯುತ್ತಿದ್ದಾರೆ. ಕೊನೆಯದಾಗಿ ಒಂದು. ರಾಧಾನಗರಕ್ಕೆ ಅತ್ತೆಯನ್ನು ಕರೆದುಕೊಂಡು ಹೋಗಬಹುದಾ? ಮರಳಿನಲ್ಲಿ ತುಂಬಾ ನಡೆಯಬೇಕಾ?

ಚಿಕ್ಕಮಗಳೂರಿನ ನಿವೃತ್ತ ಬ್ಯಾಂಕ್ ನೌಕರರು

ಧಾರಾಳವಾಗಿ ಹೋಗಿ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಚೆಂದದ ಬೀಚು ಅಂದಿದ್ದು ಇದನ್ನೇ. 2020ರಲ್ಲಿ ನಮ್ಮ ಕಾಸರಕೋಡು, ಪಡುಬಿದ್ರಿ ಜೊತೆಗೇ, ಸ್ವಚ್ಛ ಬೀಚಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಕೂಡ ಬಂತು. ದಂಡೆಯ ಹಿಂದೆ ಭಾರೀ ಮರಗಳಿವೆ. ಗಾಡಿ ನಿಲ್ಲಿಸಿದ ಜಾಗದಿಂದ ಅಲ್ಲಿಗೆ ದೂರವಿಲ್ಲ. ಅತ್ತೆಯವರು ನೆರಳಿನಲ್ಲಿ ಕೂತರೆ ಇಡೀ ದಂಡೆ ಕಾಣುತ್ತದೆ, ಮಕ್ಕಳೂ ಕಣ್ಣಳತೆಯಲ್ಲಿರುತ್ತಾರೆ. ಇಲ್ಲಿ ಭರತ್‌ಪುರದ ಹಾಗಲ್ಲ, ಅಲೆ ಇರುತ್ತದೆ, ಸೊಂಟದ ಮೇಲೆ ನೀರಿಗೆ ಬಿಡಬೇಡಿ. ಜೆಟ್ಟಿಯಿಂದ ಸುಮಾರು 12 ಕಿ.ಮೀ., ಸರ್ಕಾರಿ ಬಸ್ಸು ಓಡಾಡುತ್ತದೆ. ನಾಲ್ಕರೊಳಗೆ ಅಲ್ಲಿರಿ. ಇಳಿಯುವಾಗಲೇ ವಾಪಸ್ ಕೊನೆಯ ಬಸ್ಸು ಎಷ್ಟೊತ್ತಿಗೆ ಅಂತ ಕಂಡಕ್ಟರ್‌ನ ಕೇಳಿಕೊಳ್ಳಿ. ಸೂರ್ಯ ಮುಳುಗಿದ ಮೇಲೆ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಆಗ ಆಟೊದವರು ಹೇಳಿದ್ದೇ ರೇಟು.