ಪ್ಯಾಥಾಲಜಿ ರೆಸಿಡೆನ್ಸಿ: ಏನಿದ್ರೂ ಕೇಳಿ, ಮೇಡಂ ಆನ್‌ಲೈನ್ ಇದಾರೆ

ಅಡ್ಮಿನ್: ಟೀಚಿಂಗ್ ಆಸ್ಪತ್ರೇಲಿ ರೆಸಿಡೆಂಟ್‌ಗಳಿಗೆ, ಅಂದ್ರೆ ಪಿಜಿ ಓದ್ತಿರೋ ಡಾಕ್ಟರುಗಳಿಗೆ, ಪ್ಯಾಥಾಲಜಿ ಪಾಠ ಹೇಳೋ ಮೇಡಂ ಇವತ್ತು ಬಿಡುವು ಮಾಡ್ಕೊಂಡು ಬಂದಿದಾರೆ. ಪ್ರಶ್ನೆ ಕೆಳಗೆ ಹಾಕಿ. ಫಾರ್ವರ್ಡ್ ಬೇಡ, ಪೇಶೆಂಟ್ ರಿಪೋರ್ಟ್ ಫೋಟೋ ಬೇಡ. ಪುಸ್ತಕದ ಪಟ್ಟಿ ಪಿನ್ ಮಾಡಿದೀನಿ.

ನೈಟ್ ಡ್ಯೂಟಿ: ಮೇಡಂ ನಮಸ್ತೆ, ಮೊದಲನೇ ವರ್ಷಕ್ಕೆ ಯಾವ ಪುಸ್ತಕ ಓದ್ಬೇಕು?

ಪ್ಯಾಥಾಲಜಿ ಮೇಡಂ: ನಮಸ್ತೆ. ಪಿನ್ ಮಾಡಿದಾರೆ ನೋಡಿ. ಪುಸ್ತಕಕ್ಕಿಂತ ಮೊದಲು ದಿನಾ ಗ್ರಾಸಿಂಗ್ ಟೇಬಲ್ ಹತ್ರ, ಅಂದ್ರೆ ಪೇಶೆಂಟ್‌ನಿಂದ ತೆಗೆದ ಅಂಗಾಂಶ ನೋಡಿ ಕತ್ತರಿಸೋ ಜಾಗದಲ್ಲಿ, ನಿಲ್ಲೋದು ಕಲೀರಿ. ಅಲ್ಲಿ ತಪ್ಪಾಗಿ ಕತ್ತರಿಸಿದ್ದನ್ನ ಯಾವ ಮೈಕ್ರೋಸ್ಕೋಪೂ ಸರಿ ಮಾಡಲ್ಲ.

ಹೊಸಬ: ಮೇಡಂ, ನನಗೆ ಕೆಂಪು ಹಸಿರು ಅಷ್ಟಾಗಿ ಗೊತ್ತಾಗಲ್ಲ. ಪ್ಯಾಥಾಲಜಿ ತಗೋಬಹುದಾ?

ಸೆಕೆಂಡ್ ಇಯರ್: ಕೋಲನ್ (ದೊಡ್ಡ ಕರುಳು) ಕ್ಯಾನ್ಸರ್ ಸ್ಪೆಸಿಮೆನ್‌ನಲ್ಲಿ 8 ಲಿಂಫ್ ನೋಡ್ (ದುಗ್ಧ ಗ್ರಂಥಿ) ಸಿಕ್ಕಿದೆ ಮೇಡಂ, ಒಂದೂವರೆ ಗಂಟೆ ಹುಡುಕಿದೆ. ಸಾಕಾ?

ಪ್ಯಾಥಾಲಜಿ ಮೇಡಂ: ಸಾಲದು. ಕಡೇಪಕ್ಷ 12 ಬೇಕು. ಗೋಡೆಗೆ ಅಂಟಿಕೊಂಡಿರೋ ಕೊಬ್ಬಿನಲ್ಲಿ ಹುಡುಕು, ಎಲ್ಲರೂ ದೂರದಲ್ಲೇ ಹುಡುಕಿ ಸುಸ್ತಾಗ್ತಾರೆ. ಕಣ್ಣಿಂದ ಅಲ್ಲ, ಬೆರಳಿಂದ.

ಆರೋಗ್ಯವೇ ಭಾಗ್ಯ: ಗ್ರಾಸಿಂಗ್ ಮಾಡೋರಿಗೆ ಉಪಯುಕ್ತ ಮಾಹಿತಿ 🙏 ಅಂಗಾಂಶ ಕೆಡದ ಹಾಗೆ ಇಡೋ ಫಾರ್ಮಾಲಿನ್ ದ್ರಾವಣದ ಹೊಗೆ ದೇಹಕ್ಕೆ ಸೇರಿದ್ರೆ ಪ್ರತಿ ಗಂಟೆಗೆ ಒಂದು ಲೋಟ ಬಿಸಿನೀರು ಕುಡೀರಿ, ವಿಷ ಎಲ್ಲಾ ಬೆವರಲ್ಲಿ ಹೊರಗೆ ಹೋಗುತ್ತೆ. ಎಲ್ಲರಿಗೂ ಶೇರ್ ಮಾಡಿ.

ಪ್ಯಾಥಾಲಜಿ ಮೇಡಂ: ದಯವಿಟ್ಟು ಯಾರಿಗೂ ಶೇರ್ ಮಾಡ್ಬೇಡಿ. ಬಿಸಿನೀರು ಕುಡೀರಿ, ಒಳ್ಳೇದೇ, ಆದ್ರೆ ಅದಕ್ಕೂ ಫಾರ್ಮಾಲಿನ್‌ಗೂ ಏನೂ ಸಂಬಂಧ ಇಲ್ಲ. ಅದರಲ್ಲಿರೋ ಫಾರ್ಮಾಲ್ಡಿಹೈಡ್ ಮನುಷ್ಯರಿಗೆ ಕ್ಯಾನ್ಸರ್ ತರೋ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2004ರಲ್ಲೇ ಮೊದಲನೇ ಗುಂಪಿಗೆ ಹಾಕಿದೆ. ಅದು ಗ್ಯಾಸು, ಸರ್ಜಿಕಲ್ ಮಾಸ್ಕ್ ಒಂದಲ್ಲ ಮೂರು ಹಾಕಿದ್ರೂ ತಡೆಯಲ್ಲ. ಗಾಳಿ ಕೆಳಗೆ ಎಳ್ಕೊಳ್ಳೋ ಟೇಬಲ್ ಆನ್ ಆಗಿದೆಯಾ ನೋಡಿ, ಡಬ್ಬದ ಮುಚ್ಚಳ ಹಾಕಿ, ದೊಡ್ಡ ಸ್ಪೆಸಿಮೆನ್ ಮೊದಲು ನೀರಲ್ಲಿ ತೊಳೀರಿ. ಕಣ್ಣು ಉರಿತಿದೆ ಅಂದ್ರೆ ಫ್ಯಾನ್ ಕೆಟ್ಟಿದೆ ಅಂತ ದೂರು ಬರೆದು ಕೊಡಿ, ಲೋಟ ಹಿಡ್ಕೊಂಡು ಕೂರ್ಬೇಡಿ.

ಅನಾಮಧೇಯ ಸದಸ್ಯೆ: ಮೇಡಂ, ಮೊದಲ ವರ್ಷ, ಮೂರನೇ ತಿಂಗಳು. ನಿನ್ನೆ ಹೊಟ್ಟೆ ಬಯಾಪ್ಸಿ ಒಂದರ ಹಿಂದೆ ಒಂದು ಆರು ಗ್ರಾಸ್ ಮಾಡಿದೆ. ಒಂದು ಕೇಸಲ್ಲಿ ನಾನು ಬರೆದಿದ್ದು ಮೂರು ತುಂಡು, ಇವತ್ತು ಸ್ಲೈಡ್‌ನಲ್ಲಿ ನಾಲ್ಕಿದೆ. ಮೂರರಲ್ಲಿ ಬರೀ ಗ್ಯಾಸ್ಟ್ರೈಟಿಸ್ (ಹೊಟ್ಟೆ ಒಳಪದರದ ಉರಿಯೂತ), ನಾಲ್ಕನೇದು ಚಿಕ್ಕದು, ಅದರಲ್ಲಿ ಸಿಗ್ನೆಟ್ ರಿಂಗ್ ಸೆಲ್, ಅಂದ್ರೆ ಉಂಗುರದ ಥರ ಕಾಣೋ ಕ್ಯಾನ್ಸರ್ ಕೋಶ ಇದೆ. ಅದಕ್ಕಿಂತ ಮುಂಚೆ ಮಾಡಿದ ಕೇಸ್ ಸಿಗ್ನೆಟ್ ರಿಂಗ್ ಕ್ಯಾನ್ಸರೇ. ಮಧ್ಯ ಫಾರ್ಸೆಪ್ಸ್ (ಚಿಮುಟ) ಒರೆಸಿದ್ನಾ ಇಲ್ವಾ ನೆನಪೇ ಇಲ್ಲ. ಪೇಶೆಂಟ್‌ಗೆ 34 ವರ್ಷ. ಬೆಳಿಗ್ಗೆ ಸೈನ್ ಔಟ್, ಸೀನಿಯರ್ ನೋಡಿ ರಿಪೋರ್ಟಿಗೆ ಸಹಿ ಹಾಕ್ತಾರೆ. ಸೀನಿಯರ್ ಮೊದಲೇ ಕೋಪಿಷ್ಠರು. ಆ ತುಂಡು ಬಿಟ್ಟು ಗ್ಯಾಸ್ಟ್ರೈಟಿಸ್ ಅಂತ ಡ್ರಾಫ್ಟ್ ಬರೆದ್ರೆ ನಡಿಯತ್ತಾ?

ಮೈಕ್ರೋಟೋಮ್: ಈಗ ಕತ್ತರಿಸಿದ ತೆಳು ಪದರ ತೇಲಿಬಿಡೋ ವಾಟರ್ ಬಾತ್ ಕ್ಲೀನ್ ಇರಲಿಲ್ಲ ಅಂತ ಟೆಕ್ನೀಷಿಯನ್ ತಲೆಗೆ ಕಟ್ತಾರೆ ನೋಡ್ತಿರಿ.

ಸರ್ಜರಿ ರೆಸಿಡೆಂಟ್: ಇನ್ಯಾರ ತಲೆಗೆ ಕಟ್ಬೇಕು?

ಪ್ಯಾಥಾಲಜಿ ಮೇಡಂ: ಅನಾಮಧೇಯ ಸದಸ್ಯೆಗೆ. ನಡಿಯಲ್ಲಮ್ಮ. ಮಿಕ್ಕವರು ಐದು ನಿಮಿಷ ಸುಮ್ನಿರಿ.

ನಾಲ್ಕನೇ ತುಂಡು ಬೇರೆಯವರದ್ದು ಅಂತ ನೀನು ಆಗ್ಲೇ ತೀರ್ಮಾನ ಮಾಡ್ಬಿಟ್ಟಿದೀಯ, ನನಗೆ ಭಯ ಆಗಿದ್ದು ಅದಕ್ಕೆ. ಬೇರೆಯವರದ್ದೇ ಆಗಿದ್ದು ಅವನ ರಿಪೋರ್ಟಲ್ಲಿ ಕ್ಯಾನ್ಸರ್ ಅಂತ ಹೋದ್ರೆ ಇಲ್ಲದ ಕಾಯಿಲೆಗೆ ಅವನ ಹೊಟ್ಟೇನೇ ತೆಗೀತಾರೆ. ಅವನದೇ ಆಗಿದ್ದು ನೀನು ಬಿಟ್ರೆ ಗ್ಯಾಸ್ ಮಾತ್ರೆ ಕೊಟ್ಟು ಮನೆಗೆ ಕಳಿಸ್ತಾರೆ. ಬಯಾಪ್ಸಿ ತುಂಡು ಪ್ರೋಸೆಸಿಂಗ್‌ನಲ್ಲಿ ಒಡೆದು ಮೂರು ನಾಲ್ಕಾಗೋದು ಉಂಟು. ಸಿಗ್ನೆಟ್ ರಿಂಗ್ ಕ್ಯಾನ್ಸರ್ ಚಿಕ್ಕ ವಯಸ್ಸಿನವರಲ್ಲೂ ಬರುತ್ತೆ, ಒಂದು ತುಂಡಲ್ಲಿ ಇದ್ದು ಪಕ್ಕದ್ದರಲ್ಲಿ ಇಲ್ಲದೇನೂ ಇರುತ್ತೆ.

ಮೊದಲು ಸ್ಲೈಡ್ ಮತ್ತೆ ಇಟ್ಟು ಫೈನ್ ಫೋಕಸ್ ತಿರುಗಿಸು. ಆ ತುಂಡು ಮಿಕ್ಕ ಮೂರರ ಜೊತೆಗೇ ಫೋಕಸ್‌ಗೆ ಬರುತ್ತಾ, ಇಲ್ಲ ಅವುಗಳ ಮೇಲೆ ಕೂತ ಹಾಗೆ ಬೇರೆ ಮಟ್ಟದಲ್ಲಿ ಇದೆಯಾ? ಮೇಲೆ ಕೂತಿದ್ರೆ ವಾಟರ್ ಬಾತ್‌ನಲ್ಲಿ ತೇಲಿ ಬಂದಿರೋ ಸಾಧ್ಯತೆ ಜಾಸ್ತಿ. ಆಮೇಲೆ ತುಂಡುಗಳನ್ನ ಮೇಣದಲ್ಲಿ ಕೂರಿಸಿರೋ ಬ್ಲಾಕ್ ಕೈಗೆ ತಗೊಂಡು ಬೆಳಕಿಗೆ ಹಿಡಿದು ತುಂಡು ಎಣಿಸು, ಮೇಣದೊಳಗೆ ಬರಿಗಣ್ಣಿಗೇ ಕಾಣುತ್ತೆ. ಡೀಪರ್ ಕಟ್ ಕೇಳು, ಅಂದ್ರೆ ಅದೇ ಬ್ಲಾಕ್‌ನ ಇನ್ನೂ ಒಳಗಿಂದ ಸೆಕ್ಷನ್ (ತೆಳು ಪದರ). ನೀರಲ್ಲಿ ಬಂದಿದ್ದಾದ್ರೆ ಮುಂದಿನ ಸೆಕ್ಷನ್‌ಗಳಲ್ಲಿ ಇರಲ್ಲ. ಬ್ಲಾಕ್ ಒಳಗೇ ಇದ್ರೆ ಒಂದೋ ಅವನದ್ದು, ಇಲ್ಲ ಗ್ರಾಸಿಂಗ್ ಎಂಬೆಡಿಂಗ್ (ಮೇಣದಲ್ಲಿ ಕೂರಿಸೋದು) ಮಧ್ಯ ಸೇರ್ಕೊಂಡಿದ್ದು, ಅದನ್ನ ಮೈಕ್ರೋಸ್ಕೋಪ್ ಹೇಳಲ್ಲ. ಹಿಂದಿನ ಕೇಸಲ್ಲಿ ಎಷ್ಟು ತುಂಡು ಬರೆದಿದ್ದೆ, ಸ್ಲೈಡ್‌ನಲ್ಲಿ ಎಷ್ಟಿದೆ? ಒಂದು ಕಮ್ಮಿ ಇದ್ರೆ ಸುಳಿವು, ಸಾಕ್ಷಿ ಅಲ್ಲ. ಬ್ಲಾಕಲ್ಲಿ ಅಂಗಾಂಶ ಸಾಕಷ್ಟಿದ್ರೆ ಆ ತುಂಡಿನ ಡಿಎನ್‌ಎನ ಮಿಕ್ಕ ಮೂರರ ಜೊತೆ ತಾಳೆ ನೋಡ್ಬಹುದು. ಅದಕ್ಕೇ ಹೇಳ್ತಿರೋದು, ಯಾರೂ ಸುಮ್ಸುಮ್ನೆ ಕಟ್ ಮೇಲೆ ಕಟ್ ಹಾಕಿ ಅದನ್ನ ಮುಗಿಸ್ಬಾರದು. ಮತ್ತೆ ಎಂಡೋಸ್ಕೋಪಿ ಮಾಡ್ಸೋದೂ ಇದೆ, ಆದ್ರೆ ಎರಡನೇ ಸಲ ಏನೂ ಸಿಗಲಿಲ್ಲ ಅಂತ ನಿರಾಳ ಆಗೋ ಹಾಗಿಲ್ಲ.

ಇದ್ಯಾವುದೂ ನೀನೊಬ್ಬಳೇ ಮಾಡೋ ಕೆಲಸ ಅಲ್ಲ. ಈಗ್ಲೇ ಸೀನಿಯರ್‌ಗೆ ಫೋನ್ ಮಾಡು. ಫಾರ್ಸೆಪ್ಸ್ ನೆನಪಿಲ್ಲ ಅನ್ನೋದನ್ನೂ ಹೇಳು, ಒರೆಸಿದ್ದೆ ಅಂತ ಸುಳ್ಳು ಹೇಳ್ಬೇಡ. ನಾನು ರೆಸಿಡೆಂಟ್ ಆಗಿದ್ದಾಗ ಒಂದು ಡಬ್ಬ ಖಾಲಿ ಅಂದ್ಕೊಂಡು ತೊಳೆದು ಇಟ್ಟೆ. ತುಂಡು ಮುಚ್ಚಳದ ಒಳಗಡೆ ಅಂಟ್ಕೊಂಡಿತ್ತು. ಎರಡು ದಿನ ಬಾಯಿಬಿಡಲಿಲ್ಲ, ಅಷ್ಟರಲ್ಲಿ ಕಸದ ಚೀಲ ಹೋಗಿತ್ತು. ಆವತ್ತಿಂದ ಮುಚ್ಚಳ ತಿರುಗಿಸಿ ನೋಡದೆ ಯಾವ ಡಬ್ಬಾನೂ ಕೆಳಗಿಡಲ್ಲ.

ಇನ್ನೊಂದು, ಇದು ನಿನ್ನ ತಪ್ಪಲ್ಲ, ಕೇಸ್ ಪಟ್ಟಿ ಮಾಡಿದವರದ್ದು. ಆರು ಹೊಟ್ಟೆ ಬಯಾಪ್ಸಿ ಸಾಲಾಗಿ ಯಾಕಿತ್ತು? ಮಧ್ಯ ಒಂದು ಚರ್ಮ, ಒಂದು ಗಾಲ್‌ಬ್ಲಾಡರ್ ಇದ್ದಿದ್ರೆ ಸೇರ್ಕೊಂಡ ತುಂಡು ತಾನೇ ಎದ್ದು ಕಾಣ್ತಿತ್ತು.

ಮೈಕ್ರೋಟೋಮ್: ಮೇಡಂ, ವಾಟರ್ ಬಾತ್ ಪ್ರತಿ ಬ್ಲಾಕ್ ಆದ್ಮೇಲೆ ಟಿಶ್ಯೂ ಪೇಪರ್ ಎಳೆದು ಕ್ಲೀನ್ ಮಾಡ್ತೀವಿ. ಒಂದ್ಸಲ ಬಂದು ನೋಡಿ ಮಾತಾಡಿ.

ಪ್ಯಾಥಾಲಜಿ ಮೇಡಂ: ನಿಮ್ಮನ್ನ ಅಂದಿಲ್ಲ. ಸಾಧ್ಯತೆ ಅಂದೆ.

ಸರ್ಜರಿ ರೆಸಿಡೆಂಟ್: ಕ್ಲೀನ್ ಮಾಡೋರಾಗಿದ್ರೆ ಆಪರೇಷನ್ ಮಧ್ಯ ತುಂಡು ಹೆಪ್ಪುಗಟ್ಟಿಸಿ ನೋಡಿ ಹೇಳೋ ಫ್ರೋಜನ್ ರಿಪೋರ್ಟ್ ಯಾಕಪ್ಪ ಲೇಟು? 20 ನಿಮಿಷ ಅಂತೀರಾ, ಹೊಟ್ಟೆ ತೆರೆದಿಟ್ಕೊಂಡು 45 ನಿಮಿಷ ನಿಂತಿರ್ತೀವಿ.

ಮೈಕ್ರೋಟೋಮ್: ಒಂದು ತುಂಡಿಗೆ 20 ನಿಮಿಷ ಸ್ವಾಮಿ, ನೀವು ಐದು ಕಳಿಸ್ತೀರಾ. ಅದೂ ಪೂರ್ತಿ ಕೊಬ್ಬು. ಹೆಪ್ಪುಗಟ್ಟಿಸಿ ಕತ್ತರಿಸೋ ಕ್ರಯೋಸ್ಟಾಟ್ ಮೆಷಿನ್‌ನ ಮೈನಸ್ 20 ಡಿಗ್ರಿಯಲ್ಲಿ ಕೊಬ್ಬು ಗಟ್ಟಿಯಾಗಲ್ಲ, ಬ್ಲೇಡಿಗೆ ಬೆಣ್ಣೆ ಥರ ಮೆತ್ಕೊಳ್ಳುತ್ತೆ.

ಸೆಕೆಂಡ್ ಇಯರ್: ಹೋದ ವಾರ ಫ್ರೋಜನ್‌ಗೆ ಅಂತ ಹಸಿಯಾಗೇ ಕಳಿಸ್ಬೇಕಾದ್ದನ್ನ ಫಾರ್ಮಾಲಿನ್‌ನಲ್ಲಿ ಅದ್ದಿ ಕಳಿಸಿದ್ರಲ್ಲ, ಅದನ್ನೂ ಹೇಳ್ರಿ.

ಸರ್ಜರಿ ರೆಸಿಡೆಂಟ್: ಪೇಶೆಂಟ್ ಮುಖ ನೋಡದವರ ಹತ್ರ ಪಾಠ ಹೇಳಿಸ್ಕೋಬೇಕಾ ನಾವು?

ಮೈಕ್ರೋಟೋಮ್: ಮುಖ ನೋಡೋರು ಡಬ್ಬದ ಮೇಲೆ ಹೆಸರು ನೆಟ್ಟಗೆ ಬರೀರಿ ಸಾಕು.

ಅಡ್ಮಿನ್: ಸರ್, ಇಬ್ರೂ ನಿಲ್ಸಿ.

ನೈಟ್ ಡ್ಯೂಟಿ: ಮೇಡಂ ಪಿನ್ ಓಪನ್ ಆಗ್ತಿಲ್ಲ, ಪುಸ್ತಕ ಯಾವುದು?

ಪ್ಯಾಥಾಲಜಿ ಮೇಡಂ: ಅಡ್ಮಿನ್‌ನ ಕೇಳಿ.

ಹೊಸಬ: ಮೇಡಂ, ಬಣ್ಣದ ವಿಷಯ ಕೇಳಿದ್ದೆ. ಸ್ಲೈಡ್‌ನ ಪಿಂಕು ಪರ್ಪಲ್ ವ್ಯತ್ಯಾಸ ಗೊತ್ತಾಗುತ್ತೆ.

ಆರೋಗ್ಯವೇ ಭಾಗ್ಯ: ಬಯಾಪ್ಸಿ ಸೂಜಿ ಚುಚ್ಚಿದ್ರೆ ಕ್ಯಾನ್ಸರ್ ಮೈಯೆಲ್ಲಾ ಹರಡುತ್ತೆ, ಡಾಕ್ಟರುಗಳು ಇದನ್ನ ಮುಚ್ಚಿಡ್ತಾರೆ. ಗಂಟಿಗೆ ಎಣ್ಣೆ ಪಟ್ಟು ಹಾಕಿದ್ರೆ ಕರಗುತ್ತೆ. ವಿಡಿಯೋ ನೋಡಿ.

ಪ್ಯಾಥಾಲಜಿ ಮೇಡಂ: ಇದನ್ನ ನಂಬಿ ಗಂಟಿಗೆ ಪಟ್ಟು ಹಾಕ್ಕೊಂಡು ತಿಂಗಳುಗಟ್ಟಲೆ ಕಾದು ಬಂದವರ ಸ್ಪೆಸಿಮೆನ್ ನನ್ನ ಟೇಬಲ್ ಮೇಲೆ ಬರುತ್ತೆ, ನಿಮ್ಮ ಫೋನಿಗಲ್ಲ. ಸೂಜಿ ಹಾದ ದಾರೀಲಿ ಕ್ಯಾನ್ಸರ್ ಬೆಳೆಯೋದು ಇದೆ, ತೀರಾ ಅಪರೂಪ. ವೃಷಣದ ಗಂಟಿಗೆ ಸಾಮಾನ್ಯವಾಗಿ ಸೂಜಿ ಹಾಕಲ್ಲ. ಮುಚ್ಚಿಡೋ ವಿಷಯ ಅಲ್ಲ ಅದು, ರೆಸಿಡೆಂಟ್‌ಗಳಿಗೆ ಪಾಠದಲ್ಲೇ ಹೇಳ್ತೀವಿ. ಗಂಟು ಯಾವುದು ಅಂತ ತಿಳಿಯದೆ ಚಿಕಿತ್ಸೆ ಶುರು ಮಾಡೋದು ಹೇಗೆ? ವಿಡಿಯೋ ತೆಗೀರಿ.

ಆರೋಗ್ಯವೇ ಭಾಗ್ಯ: ಒಳ್ಳೇದಕ್ಕೇ ಹೇಳಿದ್ದು. ಇಷ್ಟು ಅಹಂಕಾರ ಬೇಡ ಮೇಡಂ.

ಪ್ಯಾಥಾಲಜಿ ಮೇಡಂ: ಅಡ್ಮಿನ್, ಒಂದೋ ಇವರು, ಇಲ್ಲ ನಾನು.

ಸೆಕೆಂಡ್ ಇಯರ್: ಮೇಡಂ 11 ಲಿಂಫ್ ನೋಡ್ ಆಯ್ತು.

ಪ್ಯಾಥಾಲಜಿ ಮೇಡಂ: ಹುಡುಕು.

ಅನಾಮಧೇಯ ಸದಸ್ಯೆ: ಮೇಡಂ, ಸೀನಿಯರ್‌ಗೆ ಫೋನ್ ಮಾಡಿದೆ. ಎರಡು ನಿಮಿಷ ಬೈದ್ರು, ಆಮೇಲೆ ಲ್ಯಾಬಿಗೇ ಬಂದ್ರು. ತುಂಡು ಮಿಕ್ಕ ಮೂರರ ಮಟ್ಟದಲ್ಲೇ ಇದೆ. ಬ್ಲಾಕ್ ಬೆಳಕಿಗೆ ಹಿಡಿದ್ರೆ ನಾಲ್ಕೂ ಕಾಣುತ್ತೆ. ಹಿಂದಿನ ಕೇಸಲ್ಲಿ ಐದು ಬರೆದಿದ್ದೆ, ಸ್ಲೈಡ್‌ನಲ್ಲೂ ಐದೇ ಇದೆ. ಎರಡೂ ರಿಪೋರ್ಟ್ ತಡೆ ಹಿಡಿದಿದಾರೆ, ಡಿಎನ್‌ಎಗೆ ಕಳಿಸ್ತಾರಂತೆ.

ಪ್ಯಾಥಾಲಜಿ ಮೇಡಂ: ಐದಕ್ಕೆ ಐದಾ. ಅವನದೇ ಇರಬಹುದು ಹಾಗಾದ್ರೆ. ಎರಡೂ ಬ್ಲಾಕ್ ಬೀರುವಿನಲ್ಲಿಟ್ಟು ಬೀಗ ಹಾಕ್ಸು, ಬೀಗದ ಕೈ ಸೀನಿಯರ್ ಹತ್ರ ಇರಲಿ. ಡಿಎನ್‌ಎ ಬಂದ ದಿನ ನನಗೆ ಮೆಸೇಜ್ ಹಾಕು.