ಲಲಿತಮಹಲ್‌ನಲ್ಲಿ ಮಹಾರಾಜರು ವಾಸವಿದ್ದರಾ?

ಪ್ರಶ್ನೆ (ಕಾಫಿಪ್ರಿಯ): ಹೋದ ವಾರ ಮೈಸೂರಿಗೆ ಹೋದಾಗ ಎಲ್ಲರೂ ಲಲಿತಮಹಲ್‌ನಲ್ಲಿ ಕಾಫಿ ಕುಡಿದೆವು. ನಮ್ಮ ಭಾವ, "ಇದು ಮಹಾರಾಜರ ಮನೆ, ಕಷ್ಟ ಬಂದು ಹೋಟೆಲ್‌ಗೆ ಕೊಟ್ಟರು" ಅಂದರು. ಅಮ್ಮ ಸುತಾರಾಂ ಒಪ್ಪಲಿಲ್ಲ. ವಾದ ಇನ್ನೂ ನಡೀತಿದೆ. ಯಾರು ಸರಿ?

ಉತ್ತರ (ದೊಡ್ಡಗಡಿಯಾರ): ಅಮ್ಮ. ಅದನ್ನು ಕಟ್ಟಿಸಿದ್ದು ವೈಸ್‌ರಾಯ್ ಬಂದರೆ ಉಳಿದುಕೊಳ್ಳಲಿ ಅಂತ. 1921, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ನಕಲು.

ಉತ್ತರ (ಹಳೇಗೈಡು): ನಾನು ಹದಿನೆಂಟು ವರ್ಷ ಪ್ರವಾಸಿಗರಿಗೆ ಮೈಸೂರು ತೋರಿಸಿದವನು. ನಿಮ್ಮ ಭಾವ ಹೇಳಿದ ಕಥೆಯನ್ನು ಮೊದಲೆರಡು ವರ್ಷ ನಾನೂ ಹೇಳಿದ್ದೇನೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮಹಾರಾಜರ ಮನೆ ಊರೊಳಗಿನ ಅಂಬಾವಿಲಾಸ. ಅಲ್ಲಿನ ಮಡಿ, ಪೂಜೆ, ಅಡುಗೆ ಬೇರೆ. ಯುರೋಪಿನವರಿಗೆ ಮಾಂಸದೂಟ ಬೇಕು. ಹಾಗಾಗಿ ಊರಾಚೆ, ಚಾಮುಂಡಿ ಬೆಟ್ಟದ ಹತ್ತಿರ, ಅವರಿಗೇ ಬೇರೆ ಬಿಡಾರ. 1921 ಅಂದರೆ ಅಡಿಗಲ್ಲು ಹಾಕಿದ ವರ್ಷ. ನಕ್ಷೆ ಬರೆದದ್ದು ಮುಂಬೈಯಲ್ಲಿದ್ದ ಇ. ಡಬ್ಲ್ಯೂ. ಫ್ರಿಚ್ಲಿ.

"ನಕಲು" ಅನ್ನುವುದು ಮಾತ್ರ ಜಾಸ್ತಿ ಆಯಿತು. ಹೋಲುವುದು ನಡುವಿನ ಗುಮ್ಮಟ, ಜೋಡಿಜೋಡಿ ಕಂಬ, ಅಷ್ಟೇ. ಸೇಂಟ್ ಪಾಲ್ಸ್ ಗುಮ್ಮಟ ನೆಲದಿಂದ 111 ಮೀಟರ್ ಎತ್ತರ. ಇದು ಎರಡೇ ಅಂತಸ್ತಿನ ಬಿಳಿ ಬಂಗಲೆ. ಒಮ್ಮೆ ಲಂಡನ್ನಿನ ಹೆಂಗಸೊಬ್ಬರು ನನ್ನ ವರ್ಣನೆಯೆಲ್ಲ ಕೇಳಿ, "ಅದರ ಮೊಮ್ಮಗು ಅನ್ನಿ" ಎಂದರು. ಆಮೇಲೆ ನಾನೂ ಹಾಗೇ ಹೇಳಿಕೊಂಡು ಬಂದೆ!

ಈಗ ಹೋಟೆಲ್ ವಿಷಯ. 1971ರಲ್ಲಿ ಹಳೇ ರಾಜಮನೆತನಗಳಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ನಿಂತಿತು, 1974ರಲ್ಲಿ ಇದು ಹೋಟೆಲ್ ಆಯಿತು. ಕೇಂದ್ರ ಸರ್ಕಾರದ ಪ್ರವಾಸೋದ್ಯಮ ನಿಗಮ ಬಹಳ ಕಾಲ ನಡೆಸಿತು, ಈಗ ರಾಜ್ಯ ಸರ್ಕಾರದ ಕೈಯಲ್ಲಿದೆ. ಆದರೆ ನನ್ನ ಕೇಳಿದರೆ, ಅಲ್ಲಿ ಕೆಲಸ ಬದಲಾಗಲೇ ಇಲ್ಲ. ಮೊದಲೂ ಬಂದವರಿಗೆ ಕೋಣೆ, ಊಟ, ಉಪಚಾರ. ಈಗಲೂ ಅದೇ. ಬದಲಾದದ್ದು ಬಾಗಿಲಲ್ಲಿ ಯಾರನ್ನು ಬಿಡುತ್ತಾರೆ ಅನ್ನುವುದು. ವೈಸ್‌ರಾಯ್ ಕಡೆಯವರು ಕುಣಿಯುತ್ತಿದ್ದ ಹಾಲ್‌ನಲ್ಲಿ ಈಗ ದುಡ್ಡು ಕೊಟ್ಟವರೆಲ್ಲ ಊಟ ಮಾಡಬಹುದು. ತಲೆಯ ಮೇಲೆ ಅದೇ ಬಣ್ಣದ ಗಾಜಿನ ಸೂರು.

ಮೈಸೂರಿನ ಬೇರೆ ಹಲವು ಅರಮನೆಗಳಿಗೆ ಹೀಗಾಗಲಿಲ್ಲ. ರಾಜಕುಮಾರಿಗೆ ಕಟ್ಟಿದ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಈಗ ಆಹಾರ ಸಂಶೋಧನೆ, ನಮ್ಮ ಸಿಎಫ್‌ಟಿಆರ್‌ಐ. ಜಯಲಕ್ಷ್ಮಿ ವಿಲಾಸ ವಿಶ್ವವಿದ್ಯಾಲಯದ ಪಾಲಾಯಿತು. ಜಗನ್ಮೋಹನದಲ್ಲಿ ಚಿತ್ರಗಳಿವೆ. ಮನೆಗಳಾಗಿದ್ದವು ಏನೇನೋ ಆದವು, ಅತಿಥಿಗೃಹ ಅತಿಥಿಗೃಹವಾಗೇ ಉಳಿಯಿತು. ಮಹಾರಾಜರ ಅತಿಥಿಗಳಿಗೆಂದೇ ಕಟ್ಟಿದ ಮೆಟ್ರೋಪೋಲ್ ಹೋಟೆಲ್ ಕೂಡ ಹಾಗೇ ಅಲ್ವಾ?

ಕಾಫಿಪ್ರಿಯ: ಭಾವನಿಗೆ ಓದಿಸಿದೆ. "ಆದರೂ ಅಡಿಗಲ್ಲು ಹಾಕಿದ್ದು ಮಹಾರಾಜರೇ ತಾನೆ" ಅಂತ ಮೀಸೆ ತಿರುವಿದರು. ಅಮ್ಮನಿಗೆ ಮಾತ್ರ ಭಾರಿ ಖುಷಿ. ಒಂದು ಬಿಟ್ಟುಹೋಯಿತು, ಅಲ್ಲಿನ ಹಳೇ ಲಿಫ್ಟ್ ನೋಡಿದೆವು. ಅದೂ ಆಗಿನದೇನಾ?

ಹಳೇಗೈಡು: ಹೌದು, ಆಗಿನದೇ. ನನ್ನ ಜೊತೆ ಬಂದ ಮಕ್ಕಳಿಗೆ ಗುಮ್ಮಟ, ವೈಸ್‌ರಾಯ್ ಏನೂ ಬೇಡ. ಆ ಲಿಫ್ಟಲ್ಲಿ ಇನ್ನೊಂದು ಸಲ ಮೇಲೆ ಹೋಗೋಣ ಅಂತ ಒಂದೇ ಹಟ. ಇಟಲಿಯ ಅಮೃತಶಿಲೆಯ ಮೆಟ್ಟಿಲು ಹತ್ತಿಸಲು ಅವರ ಅಪ್ಪಂದಿರು ಗದರಬೇಕಿತ್ತು.