ಸಹಾಯ ಬೇಕು: ಮಗನ ಎಡ ಮೂತ್ರಪಿಂಡದ ರಕ್ತನಾಳ ಒತ್ತಿಹೋಗಿರುವ ಬಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ. ನಾವು ಬಾಗಲಕೋಟೆ ಜಿಲ್ಲೆಯ ಮುಧೋಳದವರು. ಒಂದೇ ವರ್ಷದಲ್ಲಿ ಎತ್ತರ ಬೆಳೆದು ತೀರ ಸೊರಗಿರುವ ನನ್ನ 14 ವರ್ಷದ ಮಗನಿಗೆ, ಕಬಡ್ಡಿ ಆಡಿ ಬಂದ ದಿನ ಎಡಪಕ್ಕೆ ನೋಯುತ್ತದೆ, ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗುತ್ತದೆ. ಕಲ್ಲು, ಸೋಂಕು ಎಂದು ತಿಂಗಳುಗಟ್ಟಲೆ ಔಷಧ ಕೊಡಿಸಿದ ಮೇಲೆ, ಎಡ ಮೂತ್ರಪಿಂಡದಿಂದ ರಕ್ತ ಹೊರತರುವ ಅಭಿಧಮನಿಯು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಗೂ ಕರುಳಿಗೆ ರಕ್ತ ಒಯ್ಯುವ ಅಪಧಮನಿಗೂ ನಡುವೆ ಅಡಕತ್ತರಿಯಲ್ಲಿ ಸಿಕ್ಕಂತೆ ಒತ್ತಿಹೋಗಿರುವುದು ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಕಂಡಿತು. ಇದಕ್ಕೆ ನಟ್‌ಕ್ರ್ಯಾಕರ್ ಸಿಂಡ್ರೋಮ್ ಎನ್ನುತ್ತಾರೆ. ಈ ವಯಸ್ಸಿನಲ್ಲಿ ಮೈತೂಕ ಹೆಚ್ಚಿದಂತೆ ಒತ್ತಡ ತಾನಾಗಿ ಸಡಿಲವಾಗುವುದುಂಟು, ಸದ್ಯ ಶಸ್ತ್ರಚಿಕಿತ್ಸೆ ಬೇಡ ಎಂದು ವೈದ್ಯರು ಹೇಳಿದ್ದಾರೆ. ಆ ಮಾತು ನನಗೂ ಸರಿಯೆನಿಸಿದೆ. ಇಂಥ ಮಕ್ಕಳನ್ನು ನೋಡಿ ಅನುಭವವಿರುವ ಮೂತ್ರರೋಗ ತಜ್ಞರು ಬೆಳಗಾವಿ ಅಥವಾ ವಿಜಯಪುರದಲ್ಲಿದ್ದರೆ ದಯವಿಟ್ಟು ತಿಳಿಸಬೇಕು.